ತೊಂಬತ್ತು ಸೆಂಟಿಮೀಟರ್

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನಗರ ಯೋಜನಾ ಕಚೇರಿಯ ಅಧಿಕಾರಿಯೊಬ್ಬರು ಠಾಣೆಗೆ ಬಂದು ದೂರು ಕೊಟ್ಟರು. ಹೊಳೆಯ ಪಕ್ಕದ ಬಡಾವಣೆಯಲ್ಲಿ ಇಲಾಖೆ ನೆಟ್ಟಿದ್ದ ಹದಿನಾಲ್ಕು ಗಡಿಕಲ್ಲುಗಳನ್ನು ಯಾರೋ ಕಿತ್ತು ಬೇರೆ ಕಡೆ ನೆಟ್ಟಿದ್ದರು. ಹೊಳೆ ಉಕ್ಕಿದರೆ ನೀರು ಎಲ್ಲಿಯವರೆಗೆ ಬರುತ್ತದೆಂದು ತೋರಿಸುವ ಕಲ್ಲುಗಳವು. ಅವುಗಳಿಂದ ಹೊಳೆಯ ಕಡೆಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ. ಶುಕ್ರವಾರ ಹೊಸ ಭೂಬಳಕೆ ನಕ್ಷೆಯ ಬಗ್ಗೆ ಸಾರ್ವಜನಿಕ ಸಭೆಯಿತ್ತು. ಅಲ್ಲಿ ಒಪ್ಪಿಗೆಯಾದರೆ ಇನ್ನು ಇಪ್ಪತ್ತು ವರ್ಷ ಆ ಗೆರೆಯೇ ಗೆರೆ.

"ಇದು ಬಿಲ್ಡರ್‌ಗಳ ಕೈವಾಡ ಸಾರ್," ಎಂದರು ಅಧಿಕಾರಿ.

ಇನ್‌ಸ್ಪೆಕ್ಟರ್ ಎಫ್‌ಐಆರ್ ಬರೆಸಿದರು. ಕಳ್ಳನನ್ನೂ ತೋರಿಸಿಕೊಟ್ಟೇ ದೂರು ಕೊಡುವವರನ್ನು ಅವರು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದರು. ಅಂಥವರು ತೋರಿಸಿದ ಬೆರಳು ನೆಟ್ಟಗಿದ್ದದ್ದು ಕಡಿಮೆ.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಮೊದಲ ಕಲ್ಲಿನ ಬಳಿಯೇ ಬಿಲ್ಡರ್ ಮೇಲಿನ ಗುಮಾನಿ ಬಿದ್ದುಹೋಯಿತು. ಕಲ್ಲುಗಳು ಸರಿದದ್ದು ಹೊಳೆಯತ್ತ ಅಲ್ಲ, ಊರಿನತ್ತ. ಮೂವತ್ತೆಂಟು ಮನೆಗಳೂ ಶಾಲೆ ಕಟ್ಟಲು ಗೊತ್ತುಮಾಡಿದ ಖಾಲಿ ಜಾಗವೂ ಈಗ ಗೆರೆಯೊಳಗೆ ಬಂದಿದ್ದವು. ಯಾವ ಬಿಲ್ಡರ್ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುತ್ತಾನೆ?

ಎದುರಿಗಿದ್ದ ಬೇಕರಿಯ ಯಜಮಾನಿಯನ್ನು ಕರೆಸಿದರು.

"ಕಲ್ಲು ಕಿತ್ತೋರನ್ನ ನೋಡಿದ್ರಾ?"

"ನೋಡ್ದೆ ಏನು, ಟೀನೂ ಕೊಟ್ಟೆ."

"ಯಾವಾಗ?"

"ಶನಿವಾರ, ಭಾನುವಾರ. ಹಾಡಹಗಲಲ್ಲೇ. ಒಬ್ರೇ ಇದ್ರು. ಕಿತ್ತಳೆ ಬಣ್ಣದ ಜಾಕೆಟ್ಟು, ಹೆಲ್ಮೆಟ್ಟು, ಕೈಗಾಡಿ. ಮೂರು ಕಾಲಿನ ಮೇಲೆ ಅದೇನೋ ಮೆಷೀನು. ಆಫೀಸಿನೋರು ಅಂದ್ಕೊಂಡೆ."

"ರಜಾ ದಿನ ಆಫೀಸಿನೋರು ಕೆಲಸ ಮಾಡ್ತಾರಾ?"

"ಅದೇ ನಂಗೂ ಸೋಜಿಗ ಆಯ್ತು. ಪಾಪ, ವಯಸ್ಸಾದೋರು ಬೇರೆ."

ಹಳೆಯ ಗುಂಡಿಗೂ ಹೊಸ ಜಾಗಕ್ಕೂ ಒಂದು ಕಡೆ ಆರು ಹೆಜ್ಜೆ, ಇನ್ನೊಂದು ಕಡೆ ನಲವತ್ತು. ತಲೆಬುಡವಿಲ್ಲದ ಅಳತೆ ಎನಿಸಿತು ಇನ್‌ಸ್ಪೆಕ್ಟರಿಗೆ. ಹೆಡ್ ಕಾನ್ಸ್‌ಟೇಬಲ್ ಮಾತ್ರ ಅದನ್ನು ಒಪ್ಪಲಿಲ್ಲ. ಕೆಲಸಕ್ಕೆ ಸೇರುವ ಮುಂಚೆ ಅಪ್ಪನ ಜೊತೆ ಗಾರೆ ಕೆಲಸ ಮಾಡಿದ್ದ ಅವನನ್ನು ಠಾಣೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಮೇಸ್ತ್ರಿ ಎಂದು. ಅವನು ಪಕ್ಕದ ಕಟ್ಟಡದವರಿಂದ ಲೆವೆಲ್ ಪೈಪು ಇಸಿದುಕೊಂಡು, ನೀರು ತುಂಬಿಸಿ, ನಾಲ್ಕು ಕಲ್ಲು ಅಳೆದ.

"ಸಾರ್, ದೂರ ನೋಡ್ಬೇಡಿ, ಎತ್ತರ ನೋಡಿ. ಇಳಿಜಾರು ಜೋರಾಗಿರೋ ಕಡೆ ಹತ್ತಿರ ನೆಟ್ಟಿದಾನೆ, ಚಪ್ಪಟೆ ಇರೋ ಕಡೆ ದೂರ. ನಾಲ್ಕೂ ಹಳೇ ಜಾಗಕ್ಕಿಂತ ತೊಂಬತ್ತು ಸೆಂಟಿಮೀಟರ್ ಮೇಲೆ. ಒಂದು ಬೆರಳೂ ಆಚೀಚೆ ಇಲ್ಲ."

"ಅಂದ್ರೆ ಕೆಲಸ ಕಲಿತೋನು."

"ನಮ್ಮಪ್ಪ ಇದ್ದಿದ್ರೆ ಕೂಲಿಗೆ ಇಟ್ಕೊಂತಿದ್ರು."

ಮೂರು ಗಂಟೆಗೆ ಇಬ್ಬರೂ ಯೋಜನಾ ಕಚೇರಿಯಲ್ಲಿದ್ದರು.

"ಗೆರೆ ಮೇಲೆ ಹೋಗ್ಬೇಕು ಅಂತ ಯಾರಾದ್ರೂ ಅರ್ಜಿ ಕೊಟ್ಟಿದ್ರಾ?"

"ನಾನೂರು ಅರ್ಜಿ ಬಂದಿವೆ ಸಾರ್. ಎಲ್ಲಾ ಕೆಳಗಿಳಿಸಿ ಅನ್ನೋವೇ."

"ಎಲ್ಲಾ ಓದಿದ್ರಾ?"

ಅಧಿಕಾರಿ ಕಪಾಟಿನಿಂದ ಅರ್ಜಿಗಳ ಕಟ್ಟು ತೆಗೆದು ಮುಂದಿಟ್ಟರು. ಅರ್ಧಕ್ಕರ್ಧ ಲಕೋಟೆಗಳನ್ನು ಒಡೆದೇ ಇರಲಿಲ್ಲ. ಐದು ನಲವತ್ತಕ್ಕೆ ಮೇಸ್ತ್ರಿಯ ಕೈಗೆ ಒಂದೇ ಕೈಬರಹದ ಮೂರು ಲಕೋಟೆ ಸಿಕ್ಕವು. ಮೂರರಲ್ಲೂ ಒಂದೇ ಒಕ್ಕಣೆ: ಹಾಲಿ ರೇಖೆಯು ಹಿಂದಿನ ಮಳೆ ಲೆಕ್ಕದ್ದು. ಹವಾಮಾನ ಬದಲಾಗಿ ಈಗ ತಿಂಗಳ ಮಳೆ ಒಂದೇ ದಿನ ಸುರಿಯುತ್ತಿದೆ. ಕಳೆದ ವರ್ಷ ಶಾಲೆಯ ಜಾಗದಲ್ಲಿ ಮೊಣಕಾಲು ಮುಳುಗುವಷ್ಟು ನೀರಿತ್ತು. ರೇಖೆಯನ್ನು ತೊಂಬತ್ತು ಸೆಂಟಿಮೀಟರ್ ಏರಿಸತಕ್ಕದ್ದು. ಕೆಳಗೆ ಅದೇ ಕಚೇರಿಯ ನಿವೃತ್ತ ಸರ್ವೇಯರೊಬ್ಬರ ಸಹಿ, ವಿಳಾಸ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಆ ಮನೆಗೆ ಹೋದಾಗ ಒಂಬತ್ತನೆಯ ಕಲ್ಲು ಅದರ ಹಿತ್ತಲಿನಾಚೆ ಇತ್ತು. ಸರ್ವೇಯರ್ ತಮ್ಮ ಮನೆಯನ್ನೂ ಗೆರೆಯ ಹೊರಗೆ ಬಿಟ್ಟಿರಲಿಲ್ಲ. ಬಾಗಿಲು ತೆರೆದದ್ದು ಅವರ ಹೆಂಡತಿ.

"ಬನ್ನಿ. ಈ ಮನೆ ಮೇಲೆ ಇನ್ನೊಂದು ಇಟ್ಟಿಗೆ ಇಡೋ ಹಾಗಿಲ್ಲ ಈಗ. ಊರಿಗೆ ಉಪಕಾರ ಮಾಡೋ ಮಹಾನುಭಾವರು ಒಳಗಿದಾರೆ, ಕರ್ಕೊಂಡು ಹೋಗಿ."

ಹಾಗೆಂದವರೇ ಬಿ.ಪಿ. ಮಾತ್ರೆಯ ಪಟ್ಟಿಯನ್ನು ಗಂಡನ ಜೇಬಿಗೆ ತುರುಕಿದರು.

"ಸರಿಸಿದ್ದು ನೀವೇನಾ?"

"ನಾನೇ."

"ಅರ್ಜಿ ಕೊಟ್ಟಿದ್ರಲ್ಲ. ಕಾಯಬಹುದಿತ್ತು."

"ಅರ್ಜಿ ಓದಲೇಬೇಕು ಅಂತಿಲ್ಲ ಸಾರ್. ಎಫ್‌ಐಆರ್ ಓದಲೇಬೇಕು."

ಎಂಟು ಐವತ್ತಕ್ಕೆ ಬಂಧನವಾಯಿತು. ಠಾಣೆಯಲ್ಲಿ ಯೋಜನಾ ಕಚೇರಿಯ ಅಧಿಕಾರಿ ಆಗಲೇ ಬಂದು ಕೂತಿದ್ದರು. ಹೊರಗೆ ಕಲ್ಲು ಕೀಳುವ ಆಳುಗಳೂ ಗಾಡಿಯೂ ಸಿದ್ಧವಿದ್ದವು.

"ಹಳೇ ಜಾಗಕ್ಕೆ ಹಾಕಿಸಿಬಿಡ್ತೀನಿ ಸಾರ್."

"ಮುಟ್ಟೋ ಹಾಗಿಲ್ಲ. ಅವು ಕೇಸಿನ ಸಾಕ್ಷ್ಯ. ಕೋರ್ಟ್ ಹೇಳೋವರೆಗೂ ಇದ್ದಲ್ಲೇ ಇರ್ತವೆ."

"ಶುಕ್ರವಾರ ಸಭೆ ಇದೆ!"

"ಇರಲಿ. ಜನ ಬಂದು ನೋಡ್ತಾರೆ. ಆ ಮೂರು ಲಕೋಟೆನೂ ಕೇಸಿಗೆ ಸೇರಿವೆ. ಸಭೇಲಿ ಕೇಳಿದ್ರೆ ಇಲ್ಲ ಅನ್ನೋಕಾಗಲ್ಲ."

ಹತ್ತು ಗಂಟೆಗೆ ಹೇಳಿಕೆ ಬರೆದುಕೊಳ್ಳುವಾಗ ಇನ್‌ಸ್ಪೆಕ್ಟರ್ ಕೊನೆಯ ಪ್ರಶ್ನೆ ಕೇಳಿದರು.

"ನಿಮಗ್ಯಾಕೆ ಇದು? ನೆಮ್ಮದಿಯಾಗಿ ಮನೇಲಿರಬಹುದಿತ್ತು."

"ಹನ್ನೊಂದು ವರ್ಷದ ಹಿಂದೆ ಆ ಕಲ್ಲು ನೆಟ್ಟೋನೂ ನಾನೇ. ಅವತ್ತು ಟೈಲರ್ ಹುಡುಗಿ ಒಬ್ಳು ಬಂದು ಕೇಳಿದ್ಲು, ಅಣ್ಣಾ, ಇಲ್ಲಿ ಮನೆ ಕಟ್ಟಬಹುದಾ, ನೀರು ಬರಲ್ವಾ ಅಂತ. ಬರಲ್ಲಮ್ಮ, ಧೈರ್ಯವಾಗಿ ಕಟ್ಟು ಅಂದೆ. ಕಳೆದ ವರ್ಷ ನೀರು ಒಳಗೆ ನುಗ್ಗಿದಾಗ ಹೊಲಿಗೆ ಮೆಷೀನಿನ ಪ್ಲಗ್ ಕೀಳೋಕೆ ಹೋಗಿದ್ಲು."

ಇನ್‌ಸ್ಪೆಕ್ಟರರ ಪೆನ್ನು ನಿಂತಿತು. ಆ ಮನೆ ಅವರಿಗೆ ನೆನಪಿತ್ತು. ಶವದ ಪಂಚನಾಮೆ ಮಾಡಿದ್ದು ಅವರೇ. ಕಾರಣ ಎಂಬಲ್ಲಿ 'ಆಕಸ್ಮಿಕ' ಎಂದು ಬರೆದು, ಇಪ್ಪತ್ತು ನಿಮಿಷದಲ್ಲಿ ಜೀಪು ಹತ್ತಿದ್ದರು. ಈಗ ಅವರಿಗೆ ನಾಚಿಕೆಯಾಯಿತು. ಹೇಳಿಕೆಯನ್ನು ಮುದುಕರು ಹೇಳಿದ ಹಾಗೆಯೇ, ಒಂದು ಮಾತೂ ಬಿಡದೆ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡರು.