ಕಟ್ಟಿದ ದೋಣಿ

ಇಡೀ ಹುಬ್ಬಳ್ಳಿಯಲ್ಲಿ ಸ್ವಂತ ಹೊಳೆ ಇದ್ದ ಓಣಿ ನಮ್ಮದೊಂದೇ! ಅದನ್ನು ನೋಡಲು ಕಲೆಕ್ಟರ್ ಸಾಹೇಬನೇ ಟಾಂಗಾ ಮಾಡಿಕೊಂಡು ಬಂದಿದ್ದ... ಆಯಿತು, ನಗಬೇಡಿ, ಅರ್ಧ ಸುಳ್ಳು. ಸಾಹೇಬ ಬಂದಿರಲಿಲ್ಲ, ಹೊಳೆಯೂ ಹರಿಯುತ್ತಿರಲಿಲ್ಲ. ಅದು ಗಾಜಿನ ಹಿಂದಿನ ಕಾಗದದ ಹೊಳೆ. ಆದರೆ ಅದರಲ್ಲಿ ಒಂದು ಸಂಸಾರ ಮುಳುಗುವುದರಲ್ಲಿತ್ತು. ಅದು ಮಾತ್ರ ಪೂರಾ ಖರೆ.

ಉಪ್ಪಿನ ಸತ್ಯಾಗ್ರಹದ ಮರುವರ್ಷದ ಮಾತು. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಖಾತುನಬಿಯದು. ಅವಳು ಬಾಯಿ ತೆರೆದರೆ ದುರ್ಗದಬೈಲಿನ ಎತ್ತುಗಳು ಗಾಡಿ ಸಮೇತ ಹಿಂದಕ್ಕೆ ಸರಿಯುತ್ತಿದ್ದವು! ಮಗ ಕಾಸಿಮಸಾಬ ಅದೇ ಬೈಲಿನ ಪೇಟೆಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವವನು. ಹಗಲೆಲ್ಲ ಲಕ್ಷ್ಮಿಗೂ ಹನುಮಪ್ಪನಿಗೂ ಗಾಜು ಕೂರಿಸುತ್ತಿದ್ದ. ಅವನ ಮನೆಯ ಗೋಡೆ ಮಾತ್ರ ಬೋಳು. "ಜೀವ ಇರೋ ಚಿತ್ರ ಮನ್ಯಾಗ ಇದ್ರ ದೇವರ ದೂತರು ಹೊಸ್ತಿಲಾ ದಾಟೂದಿಲ್ಲ" ಎಂದು ಖಾತುನಬಿ ಹೊಸ ಸೊಸೆ ಬಿಬಿಜಾನಳಿಗೆ ನಿಶ್ಚಯದ ದಿನವೇ ಹೇಳಿದ್ದಳು.

ಧಾರವಾಡದ ಮಗ್ಗುಲಿನ ಸತ್ತೂರು ತವರಾದ ಆ ಹುಡುಗಿ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಿತು. ಧಾರವಾಡದ ಪೇಟೆಯೆಲ್ಲ ಅಲೆದು, ಮನುಷ್ಯನಿಲ್ಲದ, ದನವಿಲ್ಲದ, ಒಂದು ಗುಬ್ಬಿಯೂ ಇಲ್ಲದ, ಗಾಜಿನ ಕಟ್ಟು ಹಾಕಿದ್ದ ವಿಲಾಯತಿ ಛಾಪಾ ಚಿತ್ರವೊಂದನ್ನು ಹುಡುಕಿ ತಂದಳು. ತಣ್ಣಗೆ ಮಲಗಿದ ಹೊಳೆ, ನೀರಿಗೆ ಬಾಗಿದ ಮರಗಳು, ದಂಡೆಯಲ್ಲೊಂದು ಖಾಲಿ ದೋಣಿ. ಗಂಡ ಅಂಗಡಿಗೆ ಹೋಗಿದ್ದಾಗ, ಅತ್ತೆ ಸಂಜೆಯ ನಮಾಜಿಗೆ ಕೂತಿದ್ದಾಗ, ತಾನೇ ಮೊಳೆ ಹೊಡೆದು ಪಡಸಾಲೆಯಲ್ಲಿ ತೂಗುಹಾಕಿದಳು. ಅತ್ತೆ ಮೆಚ್ಚುತ್ತಾಳೆಂದು ಎಷ್ಟು ಹಿಗ್ಗು ಅವಳಿಗೆ!

ಖಾತುನಬಿ ಎದ್ದು ಬಂದವಳು ಕಂಬದಂತೆ ನಿಂತುಬಿಟ್ಟಳು.

"ಯಾರು ಹಾಕಿದ್ರು ಇದನ್ನ?"

"ನಾನರಿ ಅತ್ತಿ. ಛಂದಂಗ ನೋಡ್ರಿ, ಇದರಾಗ ಒಂದೂ ಜೀವ ಇಲ್ಲ!"

ಅಯ್ಯೋ, ಆ ಮಾತು! ಖಾತುನಬಿ ಕೂಗಿದ ಕೂಗಿಗೆ ನಮ್ಮ ಅಟ್ಟದ ಗಡಿಗೆಗಳು ನಡುಗಿದವು. ಆ ಹುಡುಗಿಗೇನು ಗೊತ್ತು ಪಾಪ... ಹಿಂದೊಂದು ಮಳೆಗಾಲದಲ್ಲಿ ಖಾತುನಬಿಯ ಹಿರಿಮಗ ಗುಲಾಬಸಾಬ ಸವದತ್ತಿಯ ಸಂತೆಗೆಂದು ಹೋಗಿ ಮಲಪ್ರಭೆ ದಾಟುವಾಗ ಮಾಯವಾಗಿದ್ದ. ದೋಣಿ ಖಾಲಿ ತೇಲಿ ಬಂತು, ಹೆಣ ಸಿಗಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಹೊಳೆ ಎಂಬ ಮಾತನ್ನೇ ಯಾರೂ ಆಡರು. ಬಾಗಿಲಿಗೆ ಚಿಲಕವನ್ನೂ ಹಾಕರು, ಅವನು ಬಂದರೆ ಎಂದು! ಕಳ್ಳರು ಸಹ ಆ ಬಾಗಿಲು ಕಂಡು ಕಣ್ಣೊರೆಸಿಕೊಂಡು ನಮ್ಮ ಮನೆಗೆ ಬರುತ್ತಿದ್ದರು.

ನಾನೇ ಓಡಿಹೋಗಿ ಕಾಸಿಮಸಾಬನನ್ನು ಕರೆತಂದೆ. ಗಾಬರಿಯಲ್ಲಿ ಸುತ್ತಿಗೆ ಅವನ ಕೈಯಲ್ಲೇ ಉಳಿದಿತ್ತು.

"ಛಲೋ ಆತು, ಸುತ್ತಿಗಿ ತಂದೀ!" ಎಂದಳು ತಾಯಿ. "ಒಡಿ ಅದನ್ನ! ಇಲ್ಲಾ, ಈಗಿಂದೀಗ ಇಕೀನ್ನ ಸತ್ತೂರಿಗೆ ಬಿಟ್ಟು ಬಾ. ನನ್ನ ಮಗಾ ಮುಳಗಿದ್ದನ್ನ ಗ್ವಾಡಿಗೆ ಹಾಕಿ ನಗಾಕಿ ನನಗ ಸೊಸಿ ಅಲ್ಲ!"

"ಅಮ್ಮಾ, ಅಕಿಗೆ ಗೊತ್ತಿಲ್ಲ. ಅಣ್ಣ ಹೊಳ್ಯಾಗ ಹೋಗಿದ್ದು, ದೋಣಿ ಖಾಲಿ ಬಂದಿದ್ದು, ಯಾವದೂ ನಾನ ಹೇಳಿಲ್ಲ..."

"ಗೊತ್ತಿಲ್ಲಂತ! ಹುಬ್ಬಳ್ಳಿ ನಾಯಿಗೂ ಗೊತ್ತೈತಿ!"

ಬಿಬಿಜಾನಳ ಮುಖ ಸುಣ್ಣವಾಯಿತು. ಚಿತ್ರ ಇಳಿಸಿ, ಗಂಡನ ಮುಂದೆ ನೆಲಕ್ಕಿಟ್ಟಳು. "ಒಡದ ಬಿಡ್ರಿ," ಎಂದಳು. ಸುತ್ತಿಗೆ ಮೇಲೆದ್ದಿತು... ಅಷ್ಟರಲ್ಲಿ ಅವಳೇ ಎರಡೂ ಕೈಗಳನ್ನು ಗಾಜಿನ ಮೇಲೆ ಚಾಚಿಬಿಟ್ಟಳು!

"ತಡೀರಿ! ಅತ್ತಿ... ಅವತ್ತ ಆ ದೋಣಿಗೆ ಹಗ್ಗ ಕಟ್ಟಿತ್ತೇನ್ರಿ?"

"ಯಾವ ಹಗ್ಗ! ಖಾಲಿ ತೇಲಿಕೊಂತ ಬಂದಿತ್ತು ಅದು!"

"ಇದಕ್ಕ ಕಟ್ಟೈತಿ ನೋಡ್ರಿ, ಈ ಮರಕ್ಕ. ದೋಣಿ ತಾನ ಹಗ್ಗಾ ಕಟಗೊಳ್ಳೂದಿಲ್ಲರಿ. ಯಾರೋ ದಂಡಿಗೆ ಹಚ್ಚಿ, ಗಂಟ ಹಾಕಿ, ಇಳದು ಮನೀಗೆ ಹೋಗ್ಯಾರ. ಅದಕ್ಕ ಅಲ್ಲೆ ಯಾರೂ ಇಲ್ಲ..."

ಖಾತುನಬಿ ಮೊಣಕಾಲೂರಿ ಕೂತಳು. ಬೆರಳಿನಿಂದ ಗಾಜಿನ ಮೇಲೆ ಆ ಎಳೆಯಷ್ಟು ಸಣ್ಣ ಹಗ್ಗವನ್ನು ಸವರಿದಳು. ಒಮ್ಮೆ ಮರದ ಕಡೆಗೆ, ಒಮ್ಮೆ ದೋಣಿಯ ಕಡೆಗೆ...

"ಗಂಟ ಗಟ್ಟಿ ಐತೇನ?"

"ಗಟ್ಟಿ ಐತ್ರಿ."

"ಮನೀಗಂದ್ರ... ಯಾವ ಮನೀಗ?"

 ಸೊಸೆ ಅತ್ತೆಯ ಮಡಿಲಿಗೆ ಮುಖ ಹಾಕಿ ಬಿಕ್ಕಿದಳು. ಖಾತುನಬಿ ಅವಳ ತಲೆಯ ಮೇಲೆ ಕೈಯಿಟ್ಟು ಗೋಡೆಯಲ್ಲಿ ಉಳಿದ ಮೊಳೆ ನೋಡಿದಳು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಗದರಿದಳು: "ಮೊಳಿ ಎಷ್ಟ ಸೊಟ್ಟ ಹೊಡದೀಯ, ಹುಚ್ಚಿ! ಕಟ್ಟ ಹಾಕಾಂವನ ಹೆಂಡ್ತಿ ಅನ್ನಾಕ ನಾಚಿಕಿ! ಏ ಕಾಸಿಮ್ಯಾ, ಸುಮ್ನ ಏನ್ ನೋಡ್ತೀ? ನೆಟ್ಟಗ ಹೊಡಿ."

ಚಿತ್ರ ಮತ್ತೆ ಗೋಡೆಗೇರಿತು. ಅಂದು ಮಲಗುವ ಹೊತ್ತಿಗೆ ಖಾತುನಬಿ ತಾನೇ ಬಾಗಿಲ ಬಳಿ ಬಂದಳು. ಗೋಡೆಯ ಈಚೆ ನಾನು ಉಸಿರು ಬಿಗಿಹಿಡಿದು ಕಿವಿ ಹಚ್ಚಿದ್ದೆ. ಮಗ ದೇವರ ಬಳಿಯ ಮನೆ ಸೇರಿದ ಎಂದುಕೊಂಡಿದ್ದರೆ ಚಿಲಕ ಹಾಕಬೇಕು. ಇನ್ನೂ ದಾರಿಯಲ್ಲಿದ್ದಾನೆ ಎಂದುಕೊಂಡಿದ್ದರೆ ಹಾಕಬಾರದು. ಕಬ್ಬಿಣ ಸಣ್ಣಗೆ ಕಿರುಗುಟ್ಟಿತು... ನಿಂತಿತು...

ಇಷ್ಟೊತ್ತು ಬಾಯಿ ತೆರೆದು ಕೂತಿದ್ದೀರಲ್ಲ, ನೀವೇ ಹೇಳಿ ನೋಡೋಣ. ಹಾಕಿದಳೋ, ಬಿಟ್ಟಳೋ?