ನಾಲ್ಕನೇ ಜಾಗದ ಬ್ರಷ್

ತನ್ನ ಎಣಿಕೆಯನ್ನು ಮತ್ತೆ ಎಣಿಸಲು ಬರುವವನಿಗೆ ಕುರ್ಚಿ ಕೊಡಬಾರದೆಂದು ಅವಳು ಬೆಳಿಗ್ಗೆಯೇ ತೀರ್ಮಾನಿಸಿದ್ದಳು.

ಅವನು ಬಂದು ಲ್ಯಾಬಿನ ಬಾಗಿಲಲ್ಲಿ ನಿಂತ. ಒಳಗಿದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ಅವಳು ಕೂತಿದ್ದಳು, ಇನ್ನೊಂದರಲ್ಲಿ ಅವಳ ಬ್ಯಾಗು ಕೂತಿತ್ತು.

“ಈ ಬ್ಯಾಗ್ ಎದ್ದೇಳುತ್ತೋ, ಇಲ್ಲಾ ನಾನು ನಿಂತೇ ಕೆಲಸ ಮಾಡ್ಬೇಕೋ?”

“ಅದು ನನಗಿಂತ ಸೀನಿಯರ್. ನೀವೇ ಕೇಳಿ ನೋಡಿ.”

ಅವನು ನಿಜಕ್ಕೂ ಬ್ಯಾಗಿನ ಹತ್ತಿರ ಬಗ್ಗಿ, “ಮೇಡಂ, ಸ್ವಲ್ಪ ಜರುಗ್ತೀರಾ?” ಎಂದು ಕೇಳಿದ. ಅವಳಿಗೆ ನಗು ಬಂತು. ಶತ್ರುವಿನ ಜೋಕಿಗೆ ನಕ್ಕರೆ ಅರ್ಧ ಯುದ್ಧ ಸೋತ ಹಾಗೆ, ಅದಕ್ಕೇ ಬಂದ ನಗುವನ್ನು ನುಂಗಿಕೊಂಡಳು.

ಹೆಡ್ಡಾಫೀಸಿನಲ್ಲಿ ಅವನಿಗೆ ಜರಡಿ ಎಂದೇ ಹೆಸರು. ಯಾರ ಎಣಿಕೆ ಹಾಕಿದರೂ ಒಂದಾದರೂ ತಪ್ಪು ಸೋಸಿ ತೆಗೆಯುತ್ತಾನಂತೆ. ಅವಳಿಗೆ ಮನೆಯಲ್ಲಿ ಅಮ್ಮ ಇಟ್ಟ ಹೆಸರು ಮೊಂಡಿ. “ನೀನು ಹಿಡಿದ ಮೊಲಕ್ಕೆ ಯಾವಾಗ್ಲೂ ಮೂರೇ ಕಾಲು. ನಾಲ್ಕನೇ ಕಾಲು ತೋರಿಸೋ ಗಂಡು ಹುಟ್ಟಿದಾನೋ ಇಲ್ವೋ!” ಎಂದು ಅಮ್ಮ ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದಳು.

ಈ ಸಲದ ಮೊಲ ಒಂದು ನದಿ.

ಅವಳು ಎಣಿಸುವುದು ಡಯಾಟಮ್‌ಗಳನ್ನು. ನದಿಯ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತದಲ್ಲ, ಆ ಕಂದು ಲೋಳೆಯಲ್ಲಿ ಬದುಕುವ ಸೂಕ್ಷ್ಮ ಪಾಚಿ ಅದು. ಒಂದೊಂದೂ ಗಾಜಿನ ಪುಟ್ಟ ಡಬ್ಬಿಯೊಳಗೆ ಸಂಸಾರ ಹೂಡಿರುತ್ತದೆ. ಒಂದು ಜಾಗದ ಐದು ಕಲ್ಲುಗಳನ್ನು ಹೊಸ ಟೂತ್‌ಬ್ರಷ್‌ನಿಂದ ಉಜ್ಜಬೇಕು, ಲೋಳೆಯನ್ನು ಪೆರಾಕ್ಸೈಡ್‌ನಲ್ಲಿ ಕುದಿಸಬೇಕು, ಉಳಿದ ಗಾಜಿನ ಚಿಪ್ಪುಗಳನ್ನು ಸ್ಲೈಡಿಗೆ ಅಂಟಿಸಿ ನಾನೂರು ಎಣಿಸಬೇಕು. ಕೆಲವು ಜಾತಿಗಳು ಶುದ್ಧ ನೀರು ಬಿಟ್ಟು ಬೇರೆಡೆ ಬಾಳುವುದಿಲ್ಲ, ಕೆಲವಕ್ಕೆ ಕೊಳಕೇ ಹಬ್ಬ. ಬಾಟಲಿಯಲ್ಲಿ ಹಿಡಿದ ನೀರು ಆ ಗಳಿಗೆಯ ಸುದ್ದಿ ಹೇಳುತ್ತದೆ. ಕಲ್ಲಿನ ಮೇಲಿನ ಡಯಾಟಮ್ ಕಳೆದ ಕೆಲವು ವಾರಗಳ ಚಾಡಿಯನ್ನೆಲ್ಲ ಹೇಳುತ್ತದೆ.

ಅವಳ ವರದಿಯ ನಾಲ್ಕನೇ ಜಾಗ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಪೈಪಿನ ಕೆಳಗಿತ್ತು. ಅಲ್ಲಿನ ನೀರಿನ ಶುದ್ಧತೆಗೆ ಇಪ್ಪತ್ತಕ್ಕೆ ಆರು ಅಂಕ. ಅದರ ಕೆಳಗೇ ಊರಿಗೆ ನೀರೆತ್ತುವ ಪಂಪು. ಆ ಪಂಪಿನ ನೀರೇ ಅವಳ ಅಮ್ಮನ ನಲ್ಲಿಗೆ ಬರುತ್ತಿತ್ತು. ಇಬ್ಬರು ಎಣಿಕೆದಾರರ ಸಹಿ ಬಿದ್ದರೆ ವರದಿ ನೇರ ನಗರಸಭೆಗೆ ಹೋಗುತ್ತದೆ, ಪಂಪು ನಿಲ್ಲುತ್ತದೆ, ಕಾರ್ಖಾನೆಯ ಪೈಪಿಗೂ ಬಿರಡೆ ಬೀಳುತ್ತದೆ. ಎರಡನೇ ಸಹಿ ಇಲ್ಲದಿದ್ದರೆ ವರದಿ ಕಪಾಟಿಗೆ. ಬಾಟಲಿ ಪರೀಕ್ಷೆಗಳೆಲ್ಲ ಪಾಸಾಗಿರುವಾಗ ನಿಮ್ಮ ಎಣಿಕೆಯೇ ತಪ್ಪಿರಬೇಕು ಎಂದು ನಿರ್ದೇಶಕರು ಜರಡಿಯನ್ನು ಕರೆಸಿದ್ದರು.

ಮೈಕ್ರೋಸ್ಕೋಪಿಗೆ ಎರಡು ತಲೆ. ಇಬ್ಬರು ಎದುರುಬದುರು ಕೂತು ಒಂದೇ ಬೆಳಕಿನ ವೃತ್ತವನ್ನು ನೋಡಬಹುದು. ತೋರಿಸಲು ಒಂದು ಹಸಿರು ಬಾಣವೂ ಇತ್ತು. ಮೊದಲ ದಿನವೆಲ್ಲ ಅವರು ಜಗಳವಾಡಿದ್ದು ಆ ಬಾಣದ ಮೂಲಕವೇ.

“ಇದು ನಿಟ್ಸ್‌ಚಿಯಾ. ಕೊಳಕು ನೀರಿನದು,” ಅವಳು ಬಾಣ ಚುಚ್ಚಿದಳು.

“ಒಪ್ಪಿದೆ. ಅದರ ಪಕ್ಕದ್ದು?”

“ಅದೂ ನಿಟ್ಸ್‌ಚಿಯಾ.”

“ಅದೂ ಒಪ್ಪಿದೆ.”

“ಎಲ್ಲಾ ಒಪ್ಪೋದಾದ್ರೆ ಬಂದಿದ್ದು ಯಾಕೆ?”

“ಕುರ್ಚಿ ಚೆನ್ನಾಗಿದೆ.”

ಅವಳು ಕಣ್ಣೆತ್ತಿದಳು. ಅವನೂ ಎತ್ತಿದ್ದ. ಎರಡು ಗೇಣು ದೂರದಲ್ಲಿ ಅವನ ಮುಖ, ಕಣ್ಣುಗಳ ಸುತ್ತ ಮೈಕ್ರೋಸ್ಕೋಪ್ ಒತ್ತಿದ ಕೆಂಪು ಗುರುತು. ತನಗೂ ಅಂಥದೇ ಗುರುತಿದೆ ಎಂದು ಅವಳಿಗೆ ಗೊತ್ತಿತ್ತು. ಇಬ್ಬರೂ ಒಟ್ಟಿಗೆ ಮತ್ತೆ ತಲೆ ತಗ್ಗಿಸಿದರು. ಮುಂದಿನ ಹತ್ತು ಚಿಪ್ಪುಗಳನ್ನು ಅವಳು ಎರಡೆರಡು ಸಲ ಎಣಿಸಬೇಕಾಯಿತು.

ಮೂರನೆಯ ದಿನ ಬಾಣ ಒಂದು ಕಡೆ ನಿಂತುಬಿಟ್ಟಿತು. ಅಲ್ಲೊಂದು ಬಾಗಿದ ಚಿಪ್ಪಿತ್ತು, ಯುನೋಶಿಯಾ. ಅವಳು ಅದನ್ನು ಹುಬ್ಬು ಎಂದು ಕರೆಯುತ್ತಿದ್ದಳು. ಮೇಲಿನ ಬಂಡೆಗಳ ತಿಳಿನೀರಿನ ಜಾತಿ ಅದು.

“ನಾಲ್ಕನೇ ಜಾಗದಲ್ಲಿ ಇಂಥ ಹುಬ್ಬು ಹತ್ತೊಂಬತ್ತಿವೆ,” ಅಂದ ಅವನು. “ಈ ಗಲೀಜಲ್ಲಿ ಇವಕ್ಕೇನು ಕೆಲಸ?”

“ಮೇಲಿಂದ ತೇಲಿ ಬಂದಿರುತ್ತೆ.”

“ತೇಲಿ ಬಂದರೆ ಒಂದೆರಡು ಬರುತ್ತೆ. ಇದು ದಿಬ್ಬಣ.” ಅವನು ಬಳಸಿದ ಬ್ರಷ್‌ಗಳ ಪೆಟ್ಟಿಗೆ ಎಳೆದುಕೊಂಡ. ಪ್ರತಿ ಬ್ರಷ್‌ಗೂ ಜಾಗದ ಚೀಟಿ ಕಟ್ಟಿಡುವುದು ನಿಯಮ. “ನಾಲ್ಕನೇ ಜಾಗದ ಬ್ರಷ್ ಎಲ್ಲಿ?”

ಅವಳು ಪೆಟ್ಟಿಗೆಯಿಂದ ಕಣ್ಣು ತೆಗೆದಳು.

ಕಲ್ಲುಜ್ಜಿದ ದಿನ ಕೊನೆಯ ಹೊಸ ಬ್ರಷ್ ಕೈಜಾರಿ ಹರಿವಿನಲ್ಲಿ ಹೋಗಿತ್ತು. ಮತ್ತೆ ಅರ್ಧ ದಿನ ಹಾಳಾಗುತ್ತದಲ್ಲ ಎಂದು ಮೂರನೇ ಜಾಗದ ಬ್ರಷ್ಷನ್ನೇ ನೀರಿನಲ್ಲಿ ಮೂರು ಸಲ ಜಾಲಿಸಿ ಬಳಸಿದ್ದಳು. ಗಾಜಿನ ಚಿಪ್ಪು ಬ್ರಷ್ಷಿನ ಎಳೆಗಳಲ್ಲಿ ಹೇಗೆ ಸಿಕ್ಕಿಕೊಳ್ಳುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವಳು ಅವಳೇ. ಮೇಲಿನ ತಿಳಿನೀರಿನ ಹುಬ್ಬುಗಳನ್ನು ಅವಳ ಕೈಯೇ ಕೆಳಗಿನ ಕೊಳಕಿಗೆ ಹೊತ್ತು ತಂದಿತ್ತು.

“ಹೇಳ್ದೆ ಇದ್ರೂ ನಡೆಯುತ್ತೆ,” ಅಂದ ಅವನು ಮೆಲ್ಲಗೆ. “ನಾನಿನ್ನೂ ಏನೂ ಬರೆದಿಲ್ಲ.”

“ಯಾಕೆ ಹೇಳ್ಬಾರ್ದು? ತಪ್ಪು ನಂದು. ನಾನೇ ಬರೀತೀನಿ, ದೊಡ್ಡ ಅಕ್ಷರದಲ್ಲಿ ಬರೀತೀನಿ. ಆದ್ರೆ ಒಂದು ನೆನಪಿಡಿ ಜರಡಿ ಸಾಹೇಬ್ರೇ, ನನ್ನ ತಪ್ಪು ನದೀನ ಇದ್ದದ್ದಕ್ಕಿಂತ ಚೊಕ್ಕಟ ಮಾಡಿ ತೋರಿಸಿದೆ. ಆ ಹುಬ್ಬು ತೆಗೆದು ಲೆಕ್ಕ ಹಾಕಿ. ಆರೂ ಬರಲ್ಲ, ಐದು!”

ಅವನು ಅವಳನ್ನೇ ನೋಡುತ್ತಿದ್ದ. ಇಷ್ಟು ವರ್ಷ ತಪ್ಪು ಹಿಡಿದಾಗಲೆಲ್ಲ ಜನ ಅತ್ತಿದ್ದರು, ಕಾಲು ಹಿಡಿದಿದ್ದರು. ತಪ್ಪು ಒಪ್ಪಿಕೊಂಡು ಅವನ ಮೇಲೇ ರೇಗಿದವಳು ಇವಳೊಬ್ಬಳೇ ಎಂದು ಆಮೇಲೆ ಹೇಳಿದ. ಆ ಗಳಿಗೆಯಲ್ಲಿ ತನ್ನ ಪೆನ್ನನ್ನಷ್ಟೇ ಅವಳ ಕಡೆ ಚಾಚಿದ. ಕೊಡುವಾಗ ಬೆರಳು ತಾಗಿತು. ಅವಳು ತಪ್ಪೊಪ್ಪಿಗೆ ಬರೆದಳು, ಅಕ್ಷರ ಸ್ವಲ್ಪ ನಡುಗಿತು. ಅದು ಹೆದರಿಕೆಯಿಂದ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ನಿರ್ದೇಶಕರಿಗೆ ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ಹಳೇ ವರದಿ ರದ್ದು. ಮರುಪರೀಕ್ಷೆ ಮುಂದಿನ ಸೋಮವಾರ. ದಿನಾಂಕ ಕಾರ್ಖಾನೆಗೂ ತಲುಪಿರಬೇಕು, ಆ ವಾರವಿಡೀ ಪೈಪಿನಿಂದ ಒಂದು ಹನಿ ಬೀಳಲಿಲ್ಲ.

ಸೋಮವಾರ ಇಬ್ಬರೂ ಮೊಣಕಾಲುದ್ದದ ಬೂಟು ಹಾಕಿ ನಾಲ್ಕನೇ ಜಾಗದಲ್ಲಿ ಇಳಿದಾಗ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಅವಳಿಗೆ ಅಳು ಬಂದಂತಾಯಿತು.

“ನೋಡಿ, ಎಷ್ಟು ಸಾಚಾ ಮುಖ ಮಾಡ್ಕೊಂಡಿದೆ! ಈಗ ಬಾಟಲಿ ಹಿಡಿದ್ರೆ ಫಸ್ಟ್ ಕ್ಲಾಸ್.”

“ನೀರಿಗೆ ಮರೆವು ಜಾಸ್ತಿ,” ಅಂದ ಅವನು ಒಂದು ಕಲ್ಲೆತ್ತಿ. “ಕಲ್ಲನ್ನ ಕೇಳೋಣ. ಒಂದು ವಾರಕ್ಕೆಲ್ಲ ಅದು ಮಾತು ಬದಲಿಸಲ್ಲ.”

ಬಟ್ಟಲು ಅವನು ಹಿಡಿದ, ಉಜ್ಜಿದ್ದು ಅವಳು. ಐದನೇ ಕಲ್ಲಿಗೆ ಅವಳ ಕಾಲು ಜಾರಿತು. ಅವನು ತೋಳು ಹಿಡಿದ. ಬಟ್ಟಲೂ ಬೀಳಲಿಲ್ಲ, ಅವಳೂ ಬೀಳಲಿಲ್ಲ.

“ಮೊದಲು ಯಾವುದನ್ನ ಉಳಿಸಿದ್ರಿ? ನನ್ನನ್ನೋ, ಸ್ಯಾಂಪಲ್ಲನ್ನೋ?”

“ಸ್ಯಾಂಪಲ್ಲನ್ನೇ. ಅದನ್ನ ಬೀಳಿಸಿದ್ರೆ ನೀವು ನನ್ನನ್ನ ಮುಳುಗಿಸ್ತಿದ್ರಿ.”

ಈ ಸಲ ಅವಳು ನಗುವನ್ನು ನುಂಗಲಿಲ್ಲ. ಬ್ರಷ್‌ಗೆ ಚೀಟಿ ಕಟ್ಟುವವರೆಗೂ ಅವನು ತೋಳು ಬಿಡಲಿಲ್ಲ. ಬಿಡಿ ಎಂದು ಅವಳೂ ಹೇಳಲಿಲ್ಲ.

ಮರು ಎಣಿಕೆಗೆ ನಿಯಮ ಕಟ್ಟುನಿಟ್ಟು. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಎಣಿಸಬೇಕು, ಮುಗಿಯುವ ತನಕ ಮಾತಿಲ್ಲ. ಎರಡು ದಿನ ಗೋಡೆಯಾಚೆ ಅವನು ಕೆಮ್ಮುವುದು, ಕುರ್ಚಿ ಎಳೆಯುವುದು ಅವಳಿಗೆ ಕೇಳುತ್ತಿತ್ತು. ಎದುರಿಗೆ ಕೂತಾಗ ಕಾಡದಷ್ಟು ಆ ಗೋಡೆ ಕಾಡಿತು. ಇವನು ಬಂದು ಹದಿನೈದು ದಿನವೂ ಆಗಿಲ್ಲ, ನನಗೇನು ತಲೆ ಕೆಟ್ಟಿದೆಯಾ ಎಂದು ತನ್ನನ್ನೇ ಬೈದುಕೊಂಡಳು. ಬೈದರೂ ಪ್ರೀತಿ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗ ನಿರ್ದೇಶಕರೇ ಖುದ್ದಾಗಿ ಲ್ಯಾಬಿಗೆ ಬಂದರು. ಎರಡರಲ್ಲೂ ನಿಟ್ಸ್‌ಚಿಯಾದ್ದೇ ರಾಜ್ಯ. ಹುಬ್ಬು ಅವಳ ಹಾಳೆಯಲ್ಲಿ ಒಂದು, ಅವನದರಲ್ಲಿ ಸೊನ್ನೆ. ಅಂಕ ಎರಡರಲ್ಲೂ ಐದು. ಅವಳು ಸಹಿ ಹಾಕಿದಳು.

ನಿರ್ದೇಶಕರು ಅವನ ಹೆಗಲ ಮೇಲೆ ಕೈಯಿಟ್ಟರು. “ನಿಮ್ಮ ಕೆಲಸ ಖಾಯಂ ಮಾಡೋ ಆರ್ಡರ್ ನನ್ನ ಡ್ರಾಯರ್‌ನಲ್ಲಿದೆ. ಎರಡು ಎಣಿಕೆ ತಾಳೆಯಾಗಲಿಲ್ಲ ಅಂತ ಒಂದು ಸಾಲು ಬರೀರಿ, ಸಾಕು. ಒಂದು ಹುಬ್ಬಿನ ವ್ಯತ್ಯಾಸ ಇದ್ದೇ ಇದೆಯಲ್ಲ?”

ಅವನು ಜೇಬು ತಡವಿಕೊಂಡ. “ಸರ್, ಪೆನ್ ಕೊಡ್ತೀರಾ?”

ನಿರ್ದೇಶಕರು ನಗುತ್ತಾ ತಮ್ಮ ಪೆನ್ನು ಕೊಟ್ಟರು. ಖಾಯಂ ಕೆಲಸ ಅಂದರೆ ಏನೆಂದು ಅವಳಿಗೂ ಗೊತ್ತು. ಆದರೆ ಅವನು ಸಾಲನ್ನೇನೂ ಬರೆಯಲಿಲ್ಲ. ಎರಡನೇ ಎಣಿಕೆದಾರ ಎಂಬ ಚೌಕದಲ್ಲಿ ಸಹಿ ಹಾಕಿದ, ಪೆನ್ನಿನ ಮುಚ್ಚಳ ಹಾಕಿ ವಾಪಸು ಕೊಟ್ಟ.

“ಒಳ್ಳೇ ಪೆನ್ನು ಸರ್. ಚೆನ್ನಾಗಿ ಬರೆಯುತ್ತೆ.”

“ನಾಳೆಯಿಂದ ನೀವು ಕೆಲಸಕ್ಕೇ ಬರೋದು ಬೇಡ!”

“ಸರಿ ಸರ್. ವರದಿ ನಾನೇ ನಗರಸಭೆಗೆ ಮುಟ್ಟಿಸ್ತೀನಿ. ದಾರಿಯಲ್ಲೇ ಇದೆ.”

ನಿರ್ದೇಶಕರ ಹೆಜ್ಜೆ ಮೆಟ್ಟಿಲಿಳಿಯುವವರೆಗೆ ಅವಳು ಕಾದಳು. ಆಮೇಲೆ ಅವನ ಮುಂದೆ ಹೋಗಿ ಸೊಂಟಕ್ಕೆ ಕೈಯಿಟ್ಟಳು. ಸಿಟ್ಟಿನಲ್ಲಿ ಬಹುವಚನ ಬಿದ್ದುಹೋಯಿತು.

“ನಿಜ ಹೇಳು. ನನಗೋಸ್ಕರ ಸಹಿ ಹಾಕಿದ್ರೆ ಈ ಹಾಳೆ ಈಗ್ಲೇ ಹರಿದು ಬಿಸಾಕ್ತೀನಿ. ನನ್ನ ಎಣಿಕೆಗೆ ಯಾರ ದಯೆಯೂ ಬೇಡ.”

“ಸಹಿ ಹಾಕಿದ್ದು ಕಲ್ಲು ಹೇಳಿದ್ದಕ್ಕೆ. ನಿನಗೋಸ್ಕರ ತಂದಿದ್ದು ಬೇರೆ ಇದೆ.”

ಅವನು ಅಂಗಿಯ ಜೇಬಿನಿಂದ ಒಂದು ಹೊಸ ಟೂತ್‌ಬ್ರಷ್ ತೆಗೆದು ಮೇಜಿನ ಮೇಲಿಟ್ಟ. ನಿಯಮದ ಪ್ರಕಾರ ಹಿಡಿಗೆ ಚೀಟಿ ಕಟ್ಟಿತ್ತು. ದಿನಾಂಕ ಬರೆದಿತ್ತು. ಜಾಗ ಎಂಬಲ್ಲಿ ಖಾಲಿ.

“ಇದು ಕಲ್ಲಿಗಲ್ಲ, ನಾನು ಹಲ್ಲುಜ್ಜೋದು. ಎಲ್ಲಿಡ್ಬೇಕು ಅಂತ ನೀನೇ ಬರಿ. ಬೇಡ ಅಂದ್ರೆ ಖಾಲಿ ಬಿಡು, ವರದಿ ಕೊಟ್ಟು ಊರಿಗೆ ಹೋಗ್ತೀನಿ.”

“ಕೆಲಸ ಕಳ್ಕೊಂಡ ಐದು ನಿಮಿಷಕ್ಕೆ ಹೆಣ್ಣು ಕೇಳ್ತಿದೀಯಾ? ನಾಚಿಕೆ ಆಗಲ್ವಾ?”

“ಆಗ್ತಿದೆ. ಆದ್ರೂ ಕೇಳ್ತಿದೀನಿ.”

ಅವನ ಕಿವಿ ಕೆಂಪಾಗಿತ್ತು. ಕಣ್ಣು ಮಾತ್ರ ಅಲುಗಲಿಲ್ಲ. ಅವಳು ಪೆನ್ಸಿಲ್ ಎತ್ತಿಕೊಂಡು, ಚೀಟಿಯ ಮೇಲೆ ‘ನಮ್ಮ ಮನೆ, ಬಚ್ಚಲ ಗೂಡು’ ಎಂದು ಬರೆದಳು. ಈ ಸಲ ಅಕ್ಷರ ನಡುಗಲಿಲ್ಲ.

ಅವನು ಓದಿದ. ಮತ್ತೊಮ್ಮೆ ಓದಿದ. ಅಭ್ಯಾಸಬಲದಿಂದ ತಪ್ಪು ಹುಡುಕಿಯೇ ಬಿಟ್ಟ. “ಆ ಗೂಡಲ್ಲಿ ಆಗ್ಲೇ ನಿನ್ನದೊಂದು ಇರುತ್ತಲ್ಲ? ಒಂದು ಜಾಗಕ್ಕೆ ಒಂದೇ ಬ್ರಷ್ ಅನ್ನೋದು ನಿಯಮ.”

“ಆ ಜಾಗದ ನಿಯಮ ನಂದು,” ಅಂದಳು ಮೊಂಡಿ. ವರದಿಯನ್ನು ಬ್ಯಾಗಿಗೆ ಹಾಕಿ, ಬ್ಯಾಗನ್ನು ಅವನ ಹೆಗಲಿಗೆ ನೇತುಹಾಕಿದಳು. “ಮೊದಲು ನಗರಸಭೆ, ಆಮೇಲೆ ಅಮ್ಮ. ನಡಿ, ನಾಲ್ಕನೇ ಕಾಲು ತೋರಿಸಿದೋನು ಇವನೇ ಅಂತ ಹೇಳ್ಬೇಕು.”

ಇಬ್ಬರೂ ನಿರ್ದೇಶಕರ ಕೋಣೆಯ ಮುಂದಿನಿಂದಲೇ, ಕೈಹಿಡಿದು, ನಿಧಾನವಾಗಿ ಹೋದರು.