ಶುಭ ಹಾರೈಸುವವರ ಪಟ್ಟಿ

"ಇವತ್ತು ಟ್ಯೂಷನ್ನೇ ಇಲ್ವಂತೆ ಸಾರ್. ಮೇಷ್ಟ್ರು ಯಾವ್ದೋ ಮದುವೆಗೆ ಹೋಗಿದ್ದಾರಂತೆ. ಮತ್ತೆ ಇವ್ಳು ಪುಸ್ತಕ ಎತ್ಕೊಂಡು ಹೋಗಿದ್ದು ಎಲ್ಲಿಗೆ?"

ಹೀಗೆ ಕೇಳಿದವರು ಪ್ರೇಮಲೀಲಾ. ಪೊಲೀಸರು ಕೇಳಬೇಕಾದ ಪ್ರಶ್ನೆಯನ್ನು ಅವರೇ ಪೊಲೀಸರಿಗೆ ಕೇಳುತ್ತಿದ್ದರು. ಪಕ್ಕದಲ್ಲಿ ಗಂಡ ಗುರುಮಲ್ಲಪ್ಪ, ದೇವರಾಜ ಮೊಹಲ್ಲಾದಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿಯವರು, ಕುಳಿತುಕೊಳ್ಳಿ ಅಂದರೂ ಕುಳಿತುಕೊಳ್ಳದೆ ನಿಂತಿದ್ದರು. ಅಂಗಡಿಯಿಂದ ನೇರವಾಗಿ ಬಂದದ್ದರಿಂದ ಅಂಗೈಯಲ್ಲಿ ಪಾಲಿಷ್‌ನ ಹಸಿರು ಇನ್ನೂ ಹಾಗೇ ಇತ್ತು.

ಅದು 2006ರ ಫೆಬ್ರವರಿ 18, ಶನಿವಾರ, ಮಧ್ಯಾಹ್ನ 2 ಗಂಟೆ 10 ನಿಮಿಷ. ಇನ್‌ಸ್ಪೆಕ್ಟರ್ ಸುಂದರೇಶ ದೂರು ಬರೆಸಿಕೊಂಡರು. ಕಾಣೆಯಾದವಳು ಲಾಸ್ಯ, ಹದಿಮೂರು ವರ್ಷ, ಎಂಟನೇ ತರಗತಿ. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದು, ಎರಡು ತುತ್ತು ತಿಂದು, ಯೂನಿಫಾರ್ಮ್ ಬದಲಿಸಿ 12.15ಕ್ಕೆ ಹೊರಟವಳು. ಹಳದಿ ಚೂಡಿದಾರ್, ಎರಡು ಜಡೆ, ಬಲಗೆನ್ನೆಯ ಮೇಲೆ ಸಣ್ಣ ಮಚ್ಚೆ.

ಯಾರ ಮೇಲಾದರೂ ಅನುಮಾನ ಇದೆಯೇ, ಫೋನು ಬರುತ್ತಿತ್ತೇ, ಸೈಬರ್ ಕೆಫೆಗೆ ಹೋಗುವ ಅಭ್ಯಾಸವಿತ್ತೇ ಎಂದು ಸುಂದರೇಶ ಒಂದೊಂದಾಗಿ ಕೇಳುತ್ತ ಹೋದರು. ಕೊನೆಯ ಪ್ರಶ್ನೆಗೆ ಗುರುಮಲ್ಲಪ್ಪ ತಲೆಯೆತ್ತಿದರು.

"ಆ ಕೆಫೆಗಳ ಸಹವಾಸ ಬೇಡ ಅಂತಲೇ ಮನೇಲಿ ಕಂಪ್ಯೂಟರ್ ಹಾಕಿಸ್ಕೊಟ್ಟಿದೀನಿ ಸಾರ್. ಅವಳ ರೂಮಲ್ಲೇ. ಓದೋವಾಗ ಯಾರೂ ತೊಂದರೆ ಕೊಡಬಾರ್ದು ಅಂತ ಒಳಗಿಂದ ಚಿಲ್ಕ ಹಾಕೋಕೂ ಹೇಳಿದ್ದೆ. ಮಗು ಮನೆ ಒಳಗೇ ಇರುತ್ತಲ್ಲ, ಅದಕ್ಕಿಂತ ಭದ್ರ ಇನ್ನೇನು?"

ಸುಂದರೇಶ ಪೆನ್ನಿನ ಮುಚ್ಚಳ ಹಾಕಿ ಎದ್ದರು. 2.30ಕ್ಕೆ ಎಫ್‌ಐಆರ್ ದಾಖಲಾಯಿತು. ಬಸ್ ನಿಲ್ದಾಣಕ್ಕೂ ರೈಲು ನಿಲ್ದಾಣಕ್ಕೂ ವೈರ್‌ಲೆಸ್‌ನಲ್ಲಿ ಚಹರೆ ಹೋಯಿತು. ಸುಂದರೇಶರ ಜೊತೆ ದಫೇದಾರ್ ಸಿದ್ದಪ್ಪಾಜಿ ಮತ್ತು ಮಹಿಳಾ ಪೇದೆ ವೇದವತಿ ಜೀಪು ಹತ್ತಿದರು. ವೇದವತಿ ಕೆಲಸಕ್ಕೆ ಸೇರುವ ಮೊದಲು ಆರು ತಿಂಗಳು ಕಂಪ್ಯೂಟರ್ ಕೋರ್ಸು ಮಾಡಿದ್ದಳು. ಅದಕ್ಕಾಗಿ ಠಾಣೆಯಲ್ಲಿ ಎಲ್ಲರೂ ಅವಳನ್ನು ರೇಗಿಸುತ್ತಿದ್ದರು. ಆ ದಿನ ಯಾರೂ ರೇಗಿಸಲಿಲ್ಲ.

ಲಾಸ್ಯಳ ಕೋಣೆ ಅಚ್ಚುಕಟ್ಟಾಗಿತ್ತು. ಕಂಪ್ಯೂಟರಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಸಂಜೆ ಐದರಿಂದ ಏಳರವರೆಗೂ ರಾತ್ರಿ ಮಲಗುವ ಹೊತ್ತಿಗೂ ಮನೆಯ ಫೋನು ಯಾವಾಗಲೂ ಎಂಗೇಜ್ ಬರುತ್ತಿತ್ತೆಂದೂ, ಲೈನೇ ಕೆಟ್ಟಿದೆಯೆಂದು ತಾನು ಎರಡು ಸಲ ಕಂಪ್ಲೇಂಟ್ ಕೊಟ್ಟಿದ್ದೆನೆಂದೂ ಪ್ರೇಮಲೀಲಾ ಹೇಳಿದರು. ಇಂಟರ್ನೆಟ್ಟಿಗೂ ಅದೇ ಲೈನು ಬಳಕೆಯಾಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಚಾಟ್ ಮಾಡುವ ಪ್ರೋಗ್ರಾಮು ಪಾಸ್‌ವರ್ಡ್ ಕೇಳದೆ ತಾನಾಗಿ ತೆರೆದುಕೊಂಡಿತು. ಹಳೆಯ ಮಾತುಕತೆಯೆಲ್ಲ ಅದರೊಳಗೇ ಉಳಿದಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಲಾಸ್ಯಳ ಗೆಳತಿಯರ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ಸಿಂಚನ. ವಯಸ್ಸು ಹದಿನೈದು, ಊರು ಬೆಂಗಳೂರು ಎಂದಿತ್ತು.

ವೇದವತಿ ಓದುತ್ತ ಹೋದಳು. ಮೊದಲ ವಾರವೆಲ್ಲ ಶಾಲೆ, ಮೆಹೆಂದಿ, ಹೋಂವರ್ಕು. ಎರಡನೇ ತಿಂಗಳಲ್ಲಿ ಲಾಸ್ಯ ಒಂದು ಗುಟ್ಟು ಹೇಳಿದ್ದಳು. ಗಣಿತದಲ್ಲಿ ಹದಿನೇಳು ಅಂಕ ಬಂದಿತ್ತು, ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿಯನ್ನು ತಾನೇ ಹಾಕಿದ್ದಳು. ಅಲ್ಲಿಂದ ಸಿಂಚನಳ ಧಾಟಿ ಬದಲಾಗಿತ್ತು. ನಾನು ಹೇಳಿದ ಹಾಗೆ ಕೇಳದಿದ್ದರೆ ನಿಮ್ಮಪ್ಪನ ಅಂಗಡಿಗೆ ಫೋನ್ ಮಾಡುತ್ತೇನೆ. ನನ್ನನ್ನು ಕೇಳದೆ ಊಟ ಮಾಡಬೇಡ. ನನ್ನನ್ನು ಕೇಳದೆ ಮಲಗಬೇಡ. ಆಮೇಲಿನ ಪುಟಗಳಲ್ಲಿ ಲಾಸ್ಯಳ ಮಾತು ಸಣ್ಣದಾಗುತ್ತ ಬಂದಿತ್ತು. ಉಣ್ಲಾ ಅಕ್ಕ. ಮಲಗ್ಲಾ ಅಕ್ಕ. ಸ್ನಾನ ಆಯ್ತು ಅಕ್ಕ. ಹಿಂದಿನ ದಿನದ ಕೊನೆಯ ಸಾಲು ಸಿಂಚನಳದು: "ನಾಳೆ ಒಂದು ಗಂಟೆ, ನಿನ್ನ ಟ್ಯೂಷನ್ ಬೀದಿ ಕೊನೇಲಿ. ನಾನು ಬರಲ್ಲ, ನಮ್ಮ ಮಾವ ಬಿಳಿ ಸ್ಕೂಟರಲ್ಲಿ ಬರ್ತಾರೆ. ಒಂದು ಜೊತೆ ಬಟ್ಟೆ ಇಟ್ಕೋ. ತಿರುಗಿ ನೋಡಬೇಡ."

ಅಲ್ಲಿಂದ ಎಲ್ಲಿಗೆ ಎಂದು ಎಲ್ಲೂ ಬರೆದಿರಲಿಲ್ಲ.

ಪ್ರೇಮಲೀಲಾ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೂತುಬಿಟ್ಟರು. ಗೋಡೆಯ ಆಚೆ, ಮೂರೇ ಮಾರು ದೂರದಲ್ಲಿ, ತಾನು ದಿನವೂ ಕೂತು ಸೊಪ್ಪು ಬಿಡಿಸುತ್ತಿದ್ದೆನೆಂದು ಮತ್ತೆ ಮತ್ತೆ ಹೇಳಿದರು.

"ಬೆಂಗ್ಳೂರಿಗೆ ಬರೆಯೋಣ ಸಾರ್," ಅಂದರು ಸಿದ್ದಪ್ಪಾಜಿ. "ಅಲ್ಲಿ ಸೈಬರ್ ಠಾಣೆ ಐತಲ್ಲ, ಎಲ್ಲಿಂದ ಬರ್ದವ್ರೆ ಅಂತ ತೆಗೆದುಕೊಡ್ತಾರೆ."

"ವಾರ ಆಗುತ್ತೆ ಕಣ್ರೀ. ನಮ್ಮ ಹತ್ರ ಇರೋದು ಇವತ್ತಿನ ಸಂಜೆ ಅಷ್ಟೇ. ವೇದವತಿ, ಮೊದಲನೇ ದಿನದ್ದು ಓದಮ್ಮ."

ಮೊದಲನೇ ದಿನ ನವೆಂಬರ್ 13. ಸಿಂಚನ ಕೇಳದೆಯೇ ಎಲ್ಲ ಹೇಳಿದ್ದಳು. ನೀನು ಚಿನ್ನಿ ಅಲ್ವಾ, ನವೆಂಬರ್ 9 ನಿನ್ನ ಹುಟ್ಟುಹಬ್ಬ ಅಲ್ವಾ, ನಿಮ್ಮಪ್ಪನ ಹಿತ್ತಾಳೆ ಅಂಗಡಿ ನನಗೆ ಗೊತ್ತು, ನಿಮ್ಮಜ್ಜಿ ಸಿದ್ದಲಿಂಗಮ್ಮ ನಮ್ಮಜ್ಜಿಗೆ ಅಕ್ಕ ಆಗಬೇಕು. ಸಂಬಂಧಿಕಳೇ ಇರಬೇಕೆಂದು ಮಗು ನಂಬಿಬಿಟ್ಟಿತ್ತು.

ಇದೆಲ್ಲ ಯಾರಿಗೆ ಗೊತ್ತು ಎಂದು ಕೇಳಿದಾಗ ಗುರುಮಲ್ಲಪ್ಪ ಗೋಡೆಯತ್ತ ಕೈ ತೋರಿಸಿದರು. ಸಂಜೆ ಪತ್ರಿಕೆಯ ಹುಟ್ಟುಹಬ್ಬದ ಶುಭಾಶಯವನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿ ತೂಗುಹಾಕಿದ್ದರು. ಬಣ್ಣದ ಲಂಗದಲ್ಲಿ ಲಾಸ್ಯ. ಕೆಳಗೆ ಮುದ್ದಿನ ಹೆಸರು, ಶಾಲೆ, ತರಗತಿ, ಅಂಗಡಿಯ ವಿಳಾಸ, ಮಗಳ ಇ-ಮೇಲ್ ಸಹಿತ. ನಮ್ಮ ಹುಡುಗಿಗೂ ಇ-ಮೇಲ್ ಇದೆ ಎಂದು ನಾಲ್ಕು ಜನರಿಗೆ ಗೊತ್ತಾಗಲಿ ಅಂತ.

ಸಿದ್ದಪ್ಪಾಜಿ ಉಸಿರು ಬಿಟ್ಟರು. "ಅಂಗಾದ್ರೆ ಮೈಸೂರು ಮೈಸೂರೇ ಓದ್ಬುಟ್ಟದೆ. ಯಾರನ್ನ ಅಂತ ಹಿಡಿಯೋದು?"

ಸುಂದರೇಶ ಕಟಿಂಗನ್ನು ಗೋಡೆಯಿಂದ ಇಳಿಸಿ ಪರದೆಯ ಪಕ್ಕ ಹಿಡಿದು ಒಂದೊಂದೇ ಸಾಲು ತಾಳೆ ನೋಡಿದರು. ಚಿನ್ನಿ ಇತ್ತು. ತಾರೀಖು ಇತ್ತು. ಅಂಗಡಿ ಇತ್ತು. ಹಾರೈಸುವವರು ಎಂಬಲ್ಲಿ ಅಪ್ಪ, ಅಮ್ಮ, ಮಾವಂದಿರು, ಅತ್ತೆಯಂದಿರು ಇದ್ದರು. ಅಜ್ಜಿ ಇರಲಿಲ್ಲ.

"ನಿಮ್ಮ ತಾಯಿ ಹೆಸರು ಯಾಕೆ ಹಾಕಿಸಲಿಲ್ಲ?"

"ಬರ್ದಿದ್ದೆ ಸಾರ್. ಅಮ್ಮ ಹೋಗಿ ಎರಡು ವರ್ಷ. ಆದ್ರೂ ಮೊಮ್ಮಗಳಿಗೆ ಅಮ್ಮನ ಹಾರೈಕೆ ಇಲ್ದೆ ಹೆಂಗೆ ಅಂತ ಫಾರಂನಲ್ಲಿ ಮೊದಲನೇ ಹೆಸ್ರು ಅವರದ್ದೇ ಬರ್ದಿದ್ದೆ. ತೀರಿಕೊಂಡೋರ ಹೆಸ್ರು ಹಾರೈಸೋರ ಪಟ್ಟೀಲಿ ಹಾಕಲ್ಲ, ಅಪಶಕುನ ಅಂತಾರೆ ಅಂತ ಅಲ್ಲಿದ್ದೋನು ಹೊಡೆದು ಹಾಕ್ದ."

"ಎಲ್ಲಿದ್ದೋನು?"

ಅಚ್ಚಿನಲ್ಲಿ ಬಾರದ ಆ ಹೆಸರನ್ನು ಓದಿದ್ದವನು ಫಾರಂ ತೆಗೆದುಕೊಂಡವನೊಬ್ಬನೇ ಎಂಬುದು ಹೊಳೆದದ್ದೇ ಗುರುಮಲ್ಲಪ್ಪ ಅಂಗಡಿಯ ಗುರುತು ಹೇಳಿದರು.

ಆಗ ಸಮಯ 3.50. ಪತ್ರಿಕೆಗೆ ಜಾಹೀರಾತು ಹಿಡಿದು ಟೈಪ್ ಮಾಡಿ ಕಳಿಸುವ ಡಿಟಿಪಿ ಅಂಗಡಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿತ್ತು. ಮಾಲೀಕ ಕೃಷ್ಣಪ್ಪ ಪೊಲೀಸರನ್ನು ಕಂಡದ್ದೇ ಕಾಫಿಗೆ ಹೇಳಲು ಎದ್ದರು, ಸುಂದರೇಶ ಬೇಡವೆಂದರು. ಫಾರಂ ತೆಗೆದುಕೊಳ್ಳುವವನು, ಟೈಪ್ ಮಾಡುವವನು ಎರಡೂ ಒಬ್ಬನೇ, ಚೆಲುವರಾಜು, ವಯಸ್ಸು ಮೂವತ್ತೆಂಟು. ಹನ್ನೊಂದು ವರ್ಷದಿಂದ ಇದ್ದಾನೆ. ಒಂದು ಅಕ್ಷರ ತಪ್ಪು ಬರುವುದಿಲ್ಲ, ಒಂದು ಜೋರು ಮಾತು ಆಡಿದವನಲ್ಲ. ಇವತ್ತು ಹನ್ನೆರಡಕ್ಕೇ ರಜೆ ಕೇಳಿ ಹೋದ. ಬಿಳಿ ಸ್ಕೂಟರಿದೆ. ಇಷ್ಟನ್ನು ಹೇಳುವಷ್ಟರಲ್ಲಿ ಕೃಷ್ಣಪ್ಪನವರ ದನಿ ಇಳಿದುಹೋಗಿತ್ತು.

ಚೆಲುವರಾಜುವಿನ ಮೇಜಿನ ಖಾನೆಯನ್ನು ಪಂಚರ ಮುಂದೆ ತೆಗೆಸಿದರು. ಮುಗಿದ ಫಾರಂಗಳನ್ನು ತಿಂಗಳಿಗೊಮ್ಮೆ ರದ್ದಿಗೆ ಹಾಕುವುದು ಅಲ್ಲಿನ ಪದ್ಧತಿ. ಖಾನೆಯ ತಳದಲ್ಲಿ ಮಾತ್ರ ಹನ್ನೆರಡು ಫಾರಂಗಳಿದ್ದವು, ದಾರ ಕಟ್ಟಿ ಜೋಡಿಸಿದ್ದವು. ಹನ್ನೆರಡೂ ಹೆಣ್ಣುಮಕ್ಕಳವು. ಹತ್ತರಿಂದ ಹದಿನಾಲ್ಕು ವಯಸ್ಸಿನವರವು. ಮೂರರ ಮೂಲೆಯಲ್ಲಿ ಕೆಂಪು ಶಾಯಿಯ ಚುಕ್ಕೆ ಇತ್ತು. ಅದರಲ್ಲಿ ಒಂದು ಲಾಸ್ಯಳದು. ಸಿದ್ದಪ್ಪಾಜಿಗೆ ಎರಡು ಹೆಣ್ಣುಮಕ್ಕಳು. ಅವರು ಕಿಟಕಿಯ ಹತ್ತಿರ ಹೋಗಿ, ಫಾರಂಗಳ ಹೆಸರುಗಳನ್ನು ಎರಡು ಸಲ ಓದಿಕೊಂಡು ಬಂದರು.

ಪಂಚನಾಮೆಗೆ ಸಹಿ ಮಾಡಿಸಲು ಒಬ್ಬ ಪೇದೆಯನ್ನು ಬಿಟ್ಟು 4.35ಕ್ಕೆ ಜೀಪು ಹೊರಟಿತು. ಕೃಷ್ಣಪ್ಪ ಕೊಟ್ಟ ವಿಳಾಸ ಮಂಡಕಳ್ಳಿಯ ಹತ್ತಿರದ ಹೊಸ ಬಡಾವಣೆ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆಗಳು ಅಲ್ಲೊಂದು ಇಲ್ಲೊಂದು. ಮನೆಯ ಎದುರು ಸ್ಕೂಟರ್ ಇಲ್ಲದಿದ್ದರೆ ಮುಂದೇನು ಎಂಬ ಯೋಚನೆ ಜೀಪಿನಲ್ಲಿದ್ದ ಮೂವರಿಗೂ ಇತ್ತು.

ಸ್ಕೂಟರ್ ಇತ್ತು.

ಕೆಳಗಿನ ಮನೆಯ ಹೆಂಗಸು ಅಂಗಳದಲ್ಲಿ ರಾಗಿ ಒಣಗಿಸುತ್ತಿದ್ದರು. ಮೇಲೆ ಚೆಲುವರಾಜು ಇದ್ದಾರೆಂದೂ, ಅಕ್ಕನ ಮಗಳನ್ನು ಕರೆದುಕೊಂಡು ಬಂದಿದ್ದಾರೆಂದೂ, ಬಹಳ ಒಳ್ಳೆಯ ಹುಡುಗಿ, ಒಂದು ಸದ್ದಿಲ್ಲ ಎಂದೂ ಹೇಳಿದರು. ಸದ್ದಿಲ್ಲ ಎಂಬ ಮಾತು ಕೇಳಿ ವೇದವತಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

ಬಾಗಿಲು ತಟ್ಟಿದ ತಕ್ಷಣ ತೆರೆಯಿತು. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ವಿಭೂತಿ, ತೆಳ್ಳಗಿನ ಮನುಷ್ಯ. ಅವನ ಭುಜದಾಚೆ ಲಾಸ್ಯ ಕುರ್ಚಿಯಲ್ಲಿ ಕೂತಿದ್ದಳು. ಮುಂದೆ ತಟ್ಟೆಯಲ್ಲಿ ಅನ್ನ ಕಲಸಿಟ್ಟಿತ್ತು, ತಣ್ಣಗಾಗಿತ್ತು. ಅವಳು ತಿಂದಿರಲಿಲ್ಲ. ಎರಡೂ ಕೈ ತೊಡೆಯ ಮೇಲಿದ್ದವು.

"ಬಾಮ್ಮ, ಅಮ್ಮನ ಹತ್ರ ಹೋಗೋಣ," ಅಂದಳು ವೇದವತಿ.

ಲಾಸ್ಯ ಏಳಲಿಲ್ಲ. ಸಿದ್ದಪ್ಪಾಜಿ ಅವನ ತೋಳು ಹಿಡಿದದ್ದನ್ನು ನೋಡಿದಳು, ಇನ್‌ಸ್ಪೆಕ್ಟರ ಟೋಪಿಯನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಕಾಯುತ್ತಿದ್ದಳು. ಅವನು ತಲೆ ಆಡಿಸಿದ ಮೇಲೆಯೇ ಎದ್ದಳು.

ಅವಳ ಮೈಮೇಲೆ ಗಾಯವಿಲ್ಲ, ಬೇರೆ ಯಾವ ತೊಂದರೆಯೂ ಆಗಿಲ್ಲ ಎಂದು ಆಸ್ಪತ್ರೆಯ ಡಾಕ್ಟರಮ್ಮ ಬರೆದುಕೊಟ್ಟರು. ಅವನ ಜೇಬಿನಲ್ಲಿ ಹುಬ್ಬಳ್ಳಿಗೆ ಹೋಗುವ ಏಳು ಗಂಟೆ ಬಸ್ಸಿನ ಎರಡು ಟಿಕೆಟ್ ಸಿಕ್ಕವು. ಬಂಧನದ ಸಮಯ 5.15 ಎಂದು ನಮೂದಾಯಿತು.

ಸಿಂಚನಳ ಹೆಸರಲ್ಲಿ ಬರೆಯುತ್ತಿದ್ದದ್ದು ತಾನೇ ಎಂದು ಚೆಲುವರಾಜು ಕೇಳಿದ ಕೂಡಲೇ ಒಪ್ಪಿಕೊಂಡ. ಅಣ್ಣನ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದನಂತೆ. ಉಂಡೆಯಾ ಎಂದು ಯಾರೂ ಕೇಳುತ್ತಿರಲಿಲ್ಲ, ಅವನನ್ನು ಕೇಳಿ ಯಾರೂ ಏನನ್ನೂ ಮಾಡುತ್ತಿರಲಿಲ್ಲ. ಅಂಗಡಿಯಲ್ಲಿ ದಿನವಿಡೀ ಊರಿನವರ ಮಕ್ಕಳಿಗೆ ಹಾರೈಕೆ ಟೈಪ್ ಮಾಡುವುದು.

"ಈ ಮಕ್ಳು ನನ್ನ ಕೇಳ್ತಿದ್ರು ಸಾರ್. ನೀರು ಕುಡೀಲಾ ಅಂತ ಕೂಡ ಕೇಳೋರು. ನಾನು ಬೇಡ ಅಂದ್ರೆ ಕುಡೀತಿರ್ಲಿಲ್ಲ."

"ಹುಬ್ಬಳ್ಳಿಗೆ ಕರ್ಕೊಂಡ್ಹೋಗಿ ಏನ್ ಮಾಡ್ತಿದ್ದೆ?"

ಸುಂದರೇಶ ಮೂರು ಸಲ ಕೇಳಿ, ಮೂರು ಸಲವೂ ಉತ್ತರವಿಲ್ಲ ಎಂದು ಕೇಸ್ ಡೈರಿಯಲ್ಲಿ ಬರೆದರು.

ಮಗಳನ್ನು ಮನೆಗೆ ಕರೆದುಕೊಂಡು ಹೋಗುವ ಮುಂಚೆ ಗುರುಮಲ್ಲಪ್ಪ ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದರು. ಪ್ರೋಗ್ರೆಸ್ ಕಾರ್ಡಿನ ವಿಷಯ ಎತ್ತಿದರು.

"ಹದಿನೇಳು ತಗೊಂಡ್ರೆ ನಾನೇನು ಕೊಂದು ಹಾಕ್ತಿದ್ನಾ ಸಾರ್? ಒಂದೇಟು ಹಾಕ್ತಿದ್ದೆ, ಅಷ್ಟೇ."

"ಆ ಒಂದೇಟಿಗೆ ಹೆದರಿ ಅವನ ಸ್ಕೂಟರ್ ಹತ್ತಿದ್ದಾಳೆ ಗುರುಮಲ್ಲಪ್ಪನೋರೆ. ಕಂಪ್ಯೂಟರ್ ಎಸೀಬೇಡಿ, ನಡುಮನೇಲಿ ಇಡಿ. ಪಕ್ಕದಲ್ಲಿ ಕೂತ್ಕೊಂಡು ನೀವೂ ಕಲೀರಿ. ತಪ್ಪು ಮಾಡಿದ್ರೂ ಮೊದಲು ನಿಮ್ಮ ಹತ್ರಾನೇ ಬಂದು ಹೇಳೋ ಹಾಗಿರಲಿ. ಇವತ್ತು ಮಾತ್ರ ಏನೂ ಕೇಳಬೇಡಿ. ಊಟ ಮಾಡಿಸಿ ಮಲಗಿಸಿ."

ಕೆಂಪು ಚುಕ್ಕೆಯ ಫಾರಂ ಇನ್ನೂ ಎರಡಿದ್ದವು. ಭಾನುವಾರ ಬೆಳಿಗ್ಗೆ 9.20ಕ್ಕೆ ವೇದವತಿ ಸೀರೆಯುಟ್ಟು, ಪೊಲೀಸ್ ಜೀಪಿಲ್ಲದೆ, ಆಟೋದಲ್ಲಿ ಮೊದಲನೇ ವಿಳಾಸಕ್ಕೆ ಹೋದಳು. ಮನೆಯಾಕೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ವಿಷಯ ಕೇಳಿ ಅವರಿಗೆ ನಗು ಬಂತು.

"ನಮ್ಮ ಮನೇಲಿ ಅಂಥಾದ್ದೇನಿಲ್ಲ ಕಣಮ್ಮ. ನಮ್ಮ ಹುಡುಗಿ ಹೊಸ್ಲು ದಾಟೋದೇ ಇಲ್ಲ. ನೋಡು, ಈಗ್ಲೂ ಒಳಗೆ ಓದ್ಕೊತಾ ಕೂತವ್ಳೆ."

"ಆಯ್ತಮ್ಮ, ಅವ್ಳದೇನೂ ತಪ್ಪಿಲ್ಲ," ಅಂದಳು ವೇದವತಿ, ಒಳಗಿನವರಿಗೂ ಕೇಳುವ ಹಾಗೆ. "ಸಿಂಚನ ಅಂತ ಒಬ್ರಿದ್ರು. ಅವ್ರು ಇನ್ಮೇಲೆ ಯಾರ ಅಪ್ಪನಿಗೂ ಫೋನ್ ಮಾಡಲ್ಲ. ಅಷ್ಟು ಹೇಳೋಣ ಅಂತ ಬಂದೆ."

ಮುಚ್ಚಿದ ಕೋಣೆಯೊಳಗೆ ಕೀಲಿಮಣೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಕುರ್ಚಿ ಸರಿಯಿತು. ಆಮೇಲೆ ಒಳಗಿನಿಂದ ಚಿಲಕ ನಿಧಾನವಾಗಿ ಕೆಳಗಿಳಿದು ಬಾಗಿಲು ಒಂದಿಷ್ಟು ತೆರೆಯಿತು.